ಒಂದು ಗೇಣು

ಹೋದ ಗುರುವಾರ ಲಡ್ಲೋ ನನ್ನ ಕಣ್ಣೆದುರೇ ದಾಟಿಹೋಯಿತು.
ಬಾಗಿಲು ತೆರೆಯಿತು, ಬೀಪ್ ಬೀಪ್ ಎಂದಿತು, ಮುಚ್ಚಿತು.
ಬೆಂಚು, ಹೂಕುಂಡ, ಯಾರದೋ ನಾಯಿ,
ಕೈಗೆ ಸಿಗುವಷ್ಟು ಹತ್ತಿರವಿದ್ದವೆಲ್ಲ ಹಿಂದಕ್ಕೆ ಸರಿದವು.
ಕ್ರೇವನ್ ಆರ್ಮ್ಸ್‌ನಲ್ಲಿ ಇಳಿಸಿದರು,
ತಪ್ಪು ವಿಳಾಸದ ಪಾರ್ಸೆಲ್ಲಿನಂತೆ.
ಒಂದೂವರೆ ಗಂಟೆ. ಗಾಳಿ. ಬೀಗ ಹಾಕಿದ ಶೌಚಾಲಯ.
ಫೋನಿನಲ್ಲಿ ಅವರು ಸಾರಿ ಸಾರಿ ಹೇಳಿದ್ದು ಒಂದೇ ಮಾತು:
ಸಾರಿ.

ಮುಂಚಿತವಾಗಿ ತಿಳಿಸಿದ್ದಿರಾ, ಎಂದು ಕೇಳಿದರು.
ತಿಳಿಸಿದ್ದೆ.
ಗಾಲಿಕುರ್ಚಿಯ ಉದ್ದ ಹೇಳಿದ್ದೆ, ಅಗಲ ಹೇಳಿದ್ದೆ,
ನನ್ನ ತೂಕವನ್ನೂ ಹೇಳಿದ್ದೆ.
ಹೆಣ್ಣು ನೋಡಲು ಬಂದವರಿಗೂ
ಅಷ್ಟು ವಿವರ ಕೊಟ್ಟವಳಲ್ಲ ನಾನು.

ಈ ಗುರುವಾರ ಮಡಿಲಲ್ಲಿ, ಟವೆಲಿನಲ್ಲಿ ಸುತ್ತಿದ ಗಡಿಯಾರ.
ಒಟಿಲಿ ಪ್ರಾಸರ್ ಅವರದು, ಅವರ ಮಾವನ ಕಾಲದ್ದು,
ಹೆರೆಫರ್ಡಿನ ನನ್ನ ಮೇಜಿನ ಮೇಲೆ ಮೂರು ವಾರ ಮಲಗಿತ್ತು.
ಸ್ಪ್ರಿಂಗು ಬದಲಿಸಿದೆ. ಸವೆದ ಚಕ್ರವೊಂದಕ್ಕೆ
ಹೊಸ ಹಲ್ಲು ಕೂರಿಸಿದೆ, ಎಳ್ಳಿಗಿಂತ ಸಣ್ಣದು.
ಚಕ್ರ ನಿಂತರೆ ಏನಾಗುತ್ತದೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಲಡ್ಲೋ.
ಬಾಗಿಲು ತೆರೆಯಿತು. ರ‍್ಯಾಂಪ್ ಇಲ್ಲ. ಯಾರೂ ಇಲ್ಲ.
ರೈಲಿಗೂ ನೆಲಕ್ಕೂ ನಡುವೆ ಒಂದು ಗೇಣು ತಗ್ಗು,
ಈ ಕೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ.
ಅಷ್ಟೇ.
ಏಳು ಸಮುದ್ರದಾಚೆಯ ರಾಜಕುಮಾರಿಯ ಕತೆ ಕೇಳಿದ್ದೆ,
ಗೇಣಿನಾಚೆಯ ಪ್ಲಾಟ್‌ಫಾರ್ಮಿನ ಕತೆ ಯಾರೂ ಹೇಳಿರಲಿಲ್ಲ.

ಮುಂದಿನ ಗಾಲಿಗಳನ್ನು ಹೊಸ್ತಿಲ ಮೇಲೆ ತಂದು ನಿಲ್ಲಿಸಿದೆ.
ಬ್ರೇಕು ಹಾಕಿದೆ.
ಬಾಗಿಲು ಮುಚ್ಚಲು ಬಂತು, ತಾಗಿತು, ಹಿಂದೆ ಹೋಯಿತು.
ಮತ್ತೆ ಬಂತು. ಮತ್ತೆ ಹೋಯಿತು.
ಎರಡು ಪುಟ್ಟ ಗಾಲಿಗಳಿಗೆ
ಆ ಉದ್ದನೆಯ ರೈಲು ನಿಂತುಕೊಂಡಿತು.

ಮೊದಲ ನಿಮಿಷ ಎಲ್ಲರೂ ಸಭ್ಯರು.
ಎರಡನೆಯದರಲ್ಲಿ ಮಣಿಕಟ್ಟುಗಳು ಮೇಲೆದ್ದವು:
ಒಂದು ಹಳೆಯ ಸೀಕೋ, ಒಂದು ನಕಲಿ ಒಮೆಗಾ,
ಪಟ್ಟಿ ಬದಲಿಸಬೇಕಾದ ಇನ್ನೊಂದು.
ಮೂರನೆಯದರಲ್ಲಿ ಒಬ್ಬಾಕೆ ಕಿಟಕಿಗೆ ಹೇಳಿದಳು:
ಒಬ್ಬರಿಗಾಗಿ ನಾವೆಲ್ಲ ಕಾಯಬೇಕು.

ಗಾರ್ಡ್ ಓಡಿಬಂದ, ಹುಡುಗ,
ಎದೆಯ ಮೇಲೆ ಗ್ವಿಲಿಮ್ ಎಂಬ ಹೆಸರು.
ಸ್ಟೇಷನ್ನಿನವರು ತರಬೇಕಿತ್ತು ಮೇಡಂ. ಸಾರಿ ಮೇಡಂ.
ಬೀಗದ ಕೈ ನಿನ್ನ ಹತ್ತಿರ ಇದೆಯಲ್ಲಪ್ಪ, ಎಂದೆ.
ಬಾಗಿಲ ಪಕ್ಕದ ಹಳದಿ ಕಪಾಟು ತೋರಿಸಿದೆ.
ಅವನ ಕಣ್ಣೊಳಗೆ ನಿಯಮದ ಪುಸ್ತಕ
ಪುಟ ಮಗುಚುತ್ತಿತ್ತು.

ಅಷ್ಟರಲ್ಲಿ ನಾಲ್ವರು ಎದ್ದರು, ಒಳ್ಳೆಯವರು,
ತೋಳು ಮಡಚಿದರು. ಎತ್ತಿ ಇಳಿಸಿಬಿಡೋಣ, ಒಂದೇ ಕ್ಷಣ.
ಬೇಡ, ಎಂದೆ.
ಮೂಟೆಯೂ ಅಲ್ಲ ನಾನು, ಪಲ್ಲಕ್ಕಿಯ ದೇವರೂ ಅಲ್ಲ.
ಅವರ ಮುಖ ಸಪ್ಪಗಾಯಿತು.
ಏನು ಮಾಡಲಿ, ಅವರು ಪ್ರತಿ ಗುರುವಾರ ಬರುವುದಿಲ್ಲ,
ಟಿಕೆಟ್ಟು ಮಾತ್ರ ಪ್ರತಿ ಗುರುವಾರ ಕೊಳ್ಳುತ್ತೇನೆ.

ಆಮೇಲೆ ಎಷ್ಟು ನಿಶ್ಶಬ್ದವೆಂದರೆ
ಟವೆಲಿನೊಳಗಿಂದ ಗಡಿಯಾರ ಕೇಳಿಸಿತು.
ಅದರೊಳಗೇನಿದೆ, ಎಂದಿತು ಒಂದು ಮಗು.
ತಾಯಿ ಅದರ ಬಾಯಿಗೆ ಕೈ ಅಡ್ಡ ಇಟ್ಟಳು.

ಏಳನೆಯ ನಿಮಿಷ ಬೀಗ ತಿರುಗಿತು.
ಹಲಗೆ ಇಳಿಯಿತು, ಢಣ್, ಗೇಣಿನ ಮೇಲೆ.
ನಾನು ಇಳಿದೆ. ನನ್ನ ಹಿಂದೆ, ಅದೇ ಹಲಗೆಯ ಮೇಲೆ,
ಕಿಟಕಿಗೆ ಮಾತಾಡಿದಾಕೆಯ ಭಾರದ ಸೂಟ್‌ಕೇಸ್
ಗಡಗಡ ಇಳಿಯಿತು. ಅವಳು ನನ್ನನ್ನು ನೋಡಲಿಲ್ಲ.
ಇರಲಿ. ಅದಕ್ಕೂ ಗಾಲಿಗಳಿದ್ದವು.

ಒಟಿಲಿ ಗಡಿಯಾರವನ್ನು ಕಿವಿಗೆ ಹಿಡಿದರು.
ತಡವಾಯಿತಲ್ಲ, ಎಂದರು, ಕೋಪವಿಲ್ಲದೆ.
ಚಹಾ ಬಂತು. ಆರುವ ಮೊದಲೇ ಫೋನು ತೆಗೆದೆ,
ಮುಂದಿನ ಗುರುವಾರದ ಬುಕಿಂಗು.
ಉದ್ದ ಎಷ್ಟು, ಅಗಲ ಎಷ್ಟು, ಮತ್ತೆ ಮೊದಲಿನಿಂದ.
ತೂಕ?
ಹೋದ ವಾರಕ್ಕಿಂತ ಸ್ವಲ್ಪ ಹೆಚ್ಚಿದೆ,
ಬರೆದುಕೊಳ್ಳಿ, ಎಂದೆ.