ಅಳತೆ

ಪೇಟೆಬೀದಿಯ ನನ್ನ ಅಂಗಡಿಗೆ ಮೂರೇ ಮೆಟ್ಟಿಲು.
ಮೂರಕ್ಕೂ ನಿಂತು ನಿಂತು ಹತ್ತಿದರು ಜಯವಂತ ಅಯ್ಯನವರು,
ಇಪ್ಪತ್ತೊಂಬತ್ತರ ಹುಡುಗ.
ಕಂಕುಳಲ್ಲಿ ಹಳೇ ಪತ್ರಿಕೆ ಸುತ್ತಿದ ಬಿಳಿ ನಿಲುವಂಗಿ.
"ಭಾನುವಾರಕ್ಕೆ ಬೇಕು ನಾಮದೇವಣ್ಣ, ಒಳಕ್ಕೆ ಹಿಡೀಬೇಕು.
ಈಗ ಇದರೊಳಗೆ ನಾನೊಬ್ಬನೇ ಇರಲ್ಲ,
ಗಾಳಿಯೂ ಉಪದೇಶ ಮಾಡುತ್ತೆ."

ಎರಡು ವರ್ಷದ ಹಿಂದೆ ನಾನೇ ಹೊಲಿದದ್ದು.
ಪುಸ್ತಕ ತೆಗೆದೆ. ಗುಂಡುಪಿನ್ನಿನಲ್ಲಿ ಬಟ್ಟೆಯ ಚೂರು ಇನ್ನೂ ಇತ್ತು.
ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು, ಉದ್ದ ಐವತ್ತಾರು.
ಆವತ್ತು ಇದೇ ಕನ್ನಡಿಯ ಮುಂದೆ ತೋಳು ಅಗಲಿಸಿ
ಸಭೆಯನ್ನು ಆಶೀರ್ವದಿಸುವುದು ಹೇಗೆಂದು ಅಭ್ಯಾಸ ಮಾಡಿದ್ದರು;
ಕಾಜ ಹೊಲಿಯುವ ಹುಡುಗ ಕಿಸಕ್ಕೆಂದಿದ್ದ.

ಬೆನ್ನ ಹಿಂದೆ ಹೋದ ಟೇಪು ಬೇಗ ವಾಪಸು ಬಂತು.
ಅಳತೆಯನ್ನು ಕೂಗಿ ಹೇಳುವುದು ನಮ್ಮ ರೂಢಿ,
ಹುಡುಗ ಬರೆದುಕೊಳ್ಳಬೇಕಲ್ಲ.
ನನಗೆ ಬಾಯಿ ಬರಲಿಲ್ಲ.
ಅವರೇ ಬಗ್ಗಿ ಟೇಪು ನೋಡಿ ಗಟ್ಟಿಯಾಗಿ ಹೇಳಿದರು: ಮೂವತ್ತೊಂದು,
ದೇವಾಲಯದಲ್ಲಿ ಕೀರ್ತನೆಯ ನಂಬರು ಹೇಳುವ ಹಾಗೆ.

ಭುಜದಿಂದ ಹಿಮ್ಮಡಿಗೆ ಇಳಿಬಿಟ್ಟೆ. ಐವತ್ತಾರು.
"ನೋಡಿ, ಉದ್ದಕ್ಕೆ ಅದು ಕೈ ಹಾಕಿಲ್ಲ."
ಅದು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.
ಕಬ್ಬು ಅರೆಯುವುದು ಮುಗಿಯುವವರೆಗೆ, ಅಷ್ಟೇ,
ಎಂದಿದ್ದರಂತೆ ಮೈಸೂರಿನ ಡಾಕ್ಟರು.
ಮೆಟ್ಟಿಲ ಕೆಳಗೆ ಅವರ ತಾಯಿ ಕೊಡೆ ಹಿಡಿದು ನಿಂತಿದ್ದರು,
ಎದುರಿನ ಪಾತ್ರೆ ಅಂಗಡಿಯ ಕಡೆ ಮುಖ ಮಾಡಿ.

ಗೋಡೆಯ ಮೇಲೆ ನಮ್ಮ ವಿಠಲ, ಸೊಂಟದ ಮೇಲೆ ಎರಡೂ ಕೈ.
"ಅವರ ಅಳತೆ ತಗೊಂಡಾಯ್ತಾ?"
ಇದು ಅಯ್ಯನವರ ಹಳೇ ತಮಾಷೆ.
ಇವತ್ತೂ ಕೇಳಿದರು. ನಗಲೇಬೇಕಾಯಿತು.

ಕೇಳಬಾರದಿತ್ತು, ಕೇಳಿದೆ:
ಹೆದರಿಕೆ ಆಗಲ್ವಾ ಅಯ್ಯಾ?
"ಆಗುತ್ತೆ. ರಾತ್ರಿ ಮೂರಕ್ಕೆ, ಸಕ್ಕರೆ ಕಾರ್ಖಾನೆ ಕೂಗಿದಾಗ.
ಕಲಿತ ಪ್ರಾರ್ಥನೆ ಒಂದೂ ನೆನಪಿಗೆ ಬರಲ್ಲ.
ಬರೀ ಹೆಸರು ಹಿಡಿದು ಕರೀತೀನಿ, ಕತ್ತಲಲ್ಲಿ ಮಗು ಕರೆದಂಗೆ.
ಬಂದು ಮಂಚದ ತುದೀಲಿ ಕೂತಂಗಾಗುತ್ತೆ.
ವಾಸಿ ಮಾಡ್ತೀನಿ ಅಂತ ಹೇಳಲ್ಲ.
ಸುಮ್ಮನೆ ಕೂತಿರ್ತಾರೆ.
ಸಾಕಲ್ವಾ ಅಣ್ಣ?"

ಸಾಕೋ ಸಾಲದೋ ನನಗೇನು ಗೊತ್ತು.
ಸೂಜಿಗೆ ದಾರ ಪೋಣಿಸುತ್ತಿದ್ದೆ. ಎರಡು ಸಲ ತಪ್ಪಿತು.

ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಎತ್ತಿದಾಗ
ನನ್ನ ಮಣಿಕಟ್ಟು ಹಿಡಿದರು. ಹಕ್ಕಿ ಕೂತಷ್ಟೇ ಭಾರ.
"ಕತ್ತರಿಸಬೇಡಿ. ಹೆಚ್ಚಿದ್ದನ್ನು ಒಳಕ್ಕೆ ಮಡಚಿ ಹೊಲೀರಿ.
ಬಡವರ ಸಭೆ ನಮ್ಮದು,
ಮುಂದೆ ಬರೋರು ದಪ್ಪ ಇರಬಹುದು."

ಹೋಗುವವರು ಕೇಳುವುದನ್ನು ನಾನು ಕಂಡಿದ್ದೇನೆ.
ನಮ್ಮಪ್ಪ ಮಾವಿನಹಣ್ಣು ಕೇಳಿದ, ಕಾರ್ತಿಕದಲ್ಲಿ.
ಈ ಹುಡುಗ
ಇನ್ನೂ ಬಾರದವನ ಎದೆಗೆ ಜಾಗ ಕೇಳಿದ.

ಭಾನುವಾರ ನಾನು ಹೋಗಲಿಲ್ಲ. ಗಂಟೆ ಮಾತ್ರ ಕೇಳಿಸಿತು.
ತೋಳು ಅಗಲಿಸಿದಾಗ ಬಗಲಲ್ಲಿ ಹೊಲಿಗೆ ಬಿಟ್ಟೀತೋ ಎಂದು
ಮಧ್ಯಾಹ್ನದವರೆಗೆ ಊಟ ಸೇರಲಿಲ್ಲ.

ಯುಗಾದಿ ಕಳೆದು ಒಬ್ಬರು ಬಂದರು.
ಗಟ್ಟಿ ಆಳು, ಹೊಸ ಚಪ್ಪಲಿ, ಏನೋ ಸಂಕೋಚ.
ಕೈಯಲ್ಲಿ ಅದೇ ನಿಲುವಂಗಿ.
ಬ್ಲೇಡು ಹಾಕಲು ಮನಸ್ಸಾಗದೆ
ಒಂದೊಂದೇ ಎಳೆ ಹಲ್ಲಲ್ಲಿ ಕಚ್ಚಿ ಬಿಚ್ಚಿದೆ.
ಹೊರಗಿನ ಬಟ್ಟೆಗೆ ನಮ್ಮೂರ ಚಿಮಣಿಯ ಬೂದಿ ಕೂತಿತ್ತು;
ಮಡಿಕೆಯೊಳಗಿಂದ ಹೊರಬಂದದ್ದು
ಕನ್ನಡಿ ಮುಂದೆ ನಿಂತ ದಿನದ ಬಿಳುಪು.

ಎದೆ ನಲವತ್ತೆರಡು! ಕೂಗಿದೆ, ಗಟ್ಟಿಯಾಗಿ.
ಬಿಚ್ಚಿದ್ದೆಲ್ಲ ಸೇರಿಸಿದರೂ ಸಾಲದು, ಬಗಲಿಗೆ ಎರಡು ಪಟ್ಟಿ ಬೇಕು.
ಪುಸ್ತಕದ ಆ ಪುಟದಿಂದ ಗುಂಡುಪಿನ್ನು ಕಿತ್ತು
ಚೂರನ್ನು ಜೇಬಿಗೆ ಹಾಕಿಕೊಂಡು ಜವಳಿ ಅಂಗಡಿಗೆ ನಡೆದೆ.
ಹೊಂದುತ್ತಾ ನೋಡಬೇಕು,
ಬಿಳಿಯಲ್ಲೂ ಬೇರೆ ಬೇರೆ ಬಿಳಿ ಇರುತ್ತಲ್ಲ.