ಎಡಹುಬ್ಬು

ಮಲ್ಪೆ ಬಸ್‌ಸ್ಟ್ಯಾಂಡಿನ ಎದುರು, ಐಸ್ ಪ್ಲಾಂಟಿಗೆ ಹೋಗುವ ಓಣಿಯ ಬಾಯಲ್ಲಿ
ನನ್ನ ಸ್ಟುಡಿಯೋ. ಈಗ ಜೆರಾಕ್ಸ್ ಅಂಗಡಿ ಅನ್ನುವವರೇ ಹೆಚ್ಚು.
ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ,
ಬೋಟುಗಳು ಮತ್ತೆ ಕಡಲಿಗಿಳಿಯುವ ವಾರ
ವಾರಿಜ ಮೆಂಡನ್ ಬರುತ್ತಾರೆ.
ಬುಟ್ಟಿ ಹೊರಗೇ ಇಟ್ಟು, ಕೈ ಮೂಸಿ ನೋಡಿಕೊಂಡು,
ಒಳಗೆ ಬಂದು ಹೇಳುತ್ತಾರೆ:
"ಪೊರ್ಬುಗಳೇ, ಒಂದು ವರ್ಷ ಹಾಕಿ."

ಹಾಕುತ್ತೇನೆ.
ಹನ್ನೊಂದಿದ್ದದ್ದು ಹನ್ನೆರಡು, ಹನ್ನೆರಡಿದ್ದದ್ದು ಹದಿಮೂರು.
ಮೊದಲು ಪೆನ್ಸಿಲಿನಿಂದ, ಬ್ರೊಮೈಡ್ ಕಾಗದದ ಮೇಲೆ.
ಈಗ ಕಂಪ್ಯೂಟರು; ಅಕ್ಕನ ಮಗ ವಿಲ್ಫಿ ಮೌಸ್ ಹಿಡಿಯುತ್ತಾನೆ,
ನಾನು ಬೆನ್ನ ಹಿಂದೆ ನಿಂತು ಹೇಳುತ್ತೇನೆ.
ಹದಿನೇಳಕ್ಕೆ ಮೀಸೆಯ ನೆರಳು ಬಂತು.
ಇಪ್ಪತ್ತೈದಕ್ಕೆ ಅವರೇ ಅಂದರು, "ಕುತ್ತಿಗೆ ಸ್ವಲ್ಪ ದಪ್ಪ ಮಾಡಿ,
ಬಲೆ ಎಳೆಯುವವನಾಗಿದ್ದರೆ?"
ಮೂವತ್ತಕ್ಕೆ, "ನಮ್ಮವರಿಗೆ ಇಷ್ಟೊತ್ತಿಗೆ ನೆತ್ತಿ ಕಾಣ್ತಿತ್ತು. ತೆಗೆಯಿರಿ."
ತೆಗೆದೆ.
ಕಳೆದ ಸಲ ನರೆ ಹಾಕುವಾಗ ವಿಲ್ಫಿ ನನ್ನ ಮುಖ ನೋಡಿದ.
ನಲವತ್ತನಾಲ್ಕು ಮಾರಾಯ, ಹಾಕು ಅಂದೆ.

ಧನರಾಜ. ಆರನೇ ಕ್ಲಾಸು. ತೊಂಬತ್ತೊಂದನೇ ಇಸವಿಯ ಜೂನ್.
ಬಸ್ ಪಾಸಿಗೆ ಫೋಟೋ ಬೇಕೆಂದು ಒಬ್ಬನೇ ಬಂದಿದ್ದ,
ಮುಷ್ಟಿಯಲ್ಲಿ ಬೆವೆತ ಹತ್ತು ರೂಪಾಯಿ.
ಬಾಚಣಿಗೆ ನಾನೇ ಕೊಟ್ಟೆ. ನಗಬೇಡ ಅಂದೆ,
ಅದಕ್ಕೇ ನಕ್ಕ.
ಆರು ಪ್ರತಿಯಲ್ಲಿ ಎರಡು ಪಾಸಿಗೆ ಹೋಯಿತು.
ನಾಲ್ಕು, ಆಗಸ್ಟಿನಲ್ಲಿ, ಸ್ಟೇಷನ್ನಿಗೆ.

ಆಮೇಲೆ ಕಂಡವರು ಬಹಳ.
ರತ್ನಾಗಿರಿಯ ಬೋಟಿನಲ್ಲಿ ಅನ್ನ ಬೇಯಿಸುತ್ತಿದ್ದನಂತೆ.
ಬೊಂಬಾಯಿ ಫೋರ್ಟಿನ ಹೋಟೆಲಲ್ಲಿ ಗ್ಲಾಸು ತೊಳೆಯುತ್ತಿದ್ದನಂತೆ,
ತುಳುವಿನಲ್ಲಿ ಕರೆದರೆ ತಿರುಗಿದನಂತೆ.
ಕಾರವಾರದಲ್ಲಿ ಒಂದು ದೇಹ. ಅದು ಬೇರೆಯವರ ಮಗ.
ನೋಡಿ ಬಂದ ವಾರಿಜಕ್ಕ ಮೂರು ದಿನ ಮೀನು ಮಾರಲಿಲ್ಲ,
ಬೇರೆಯವರ ಮಗನಿಗಾಗಿ.
ತೊಂಬತ್ತೆಂಟರಲ್ಲಿ 'ಸಿ' ರಿಪೋರ್ಟು:
ಪತ್ತೆಯಾಗಿಲ್ಲ ಅನ್ನುವುದಕ್ಕೆ ಒಂದೇ ಅಕ್ಷರ.
ಹೊಸ ಎಸ್ಸೈ ಬಂದಾಗಲೆಲ್ಲ ಮೊದಲು ಕಾಣೆಯಾಗುವುದು ಫೈಲು.

ಒಮ್ಮೆ ಸಿಕ್ಕಿತ್ತು. ಪ್ರತಿ ತೆಗೆಯಲು ನನ್ನಲ್ಲಿಗೇ ತಂದರು.
ಗೆದ್ದಲು ಹಾಳೆ ತಿಂದು ಫೋಟೋ ಬಿಟ್ಟಿತ್ತು.
ಕೆಳಗೆ ಒಂದು ಸಾಲು ಉಳಿದಿತ್ತು,
ಗುರುತಿನ ಚಿಹ್ನೆ: ಇಲ್ಲ.

ಇತ್ತು.
ಎಡಹುಬ್ಬಿನ ನಡುವೆ, ಅಕ್ಕಿಕಾಳಿನಷ್ಟು, ಕೂದಲಿಲ್ಲದ ಬಿಳಿ.
ಬಲೆಯ ಸೀಸದ ಗುಂಡು ಬೀಸಿ ಬಡಿದದ್ದು.
ನೆಗೆಟಿವಿನಲ್ಲಿ ಅದು ಕಪ್ಪು ಚುಕ್ಕೆ.
ಮೇಜಿನ ಗಾಜಿನಡಿ ದೀಪ ಹಚ್ಚಿ
ಬ್ಲೇಡಿನ ತುದಿಯಿಂದ ಮೆಲ್ಲನೆ ಕೆರೆದು
ಹುಬ್ಬು ಕೂಡಿಸಿದ್ದೆ.
ಯಾರೂ ಕೇಳಿರಲಿಲ್ಲ. ಚಂದ ಕಾಣಲಿ ಅಂತ.
ಆ ಕಾಲದಲ್ಲಿ ಎಲ್ಲರಿಗೂ ಮಾಡುತ್ತಿದ್ದೆ:
ಮದುಮಗಳ ಮೊಡವೆ, ಸತ್ತವರ ಕಣ್ಣ ಕೆಳಗಿನ ಚೀಲ.
ತಾಯಿ ಬೆಂಚಿನ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಾಗ
ರೈಟರು ಫೋಟೋ ನೋಡಿ ಫಾರಂ ತುಂಬಿದ.

ರತ್ನಾಗಿರಿಯಲ್ಲೋ ಫೋರ್ಟಿನಲ್ಲೋ ಒಬ್ಬ ಪೊಲೀಸ
ನನ್ನ ಫೋಟೋ ಕೈಯಲ್ಲಿ ಹಿಡಿದು,
ಎದುರಿನ ಹುಡುಗನ ಹರಿದ ಹುಬ್ಬು ನೋಡಿ
ಇವನಲ್ಲ ಅಂದಿರಬಹುದೇ?
ಮೂವತ್ತನಾಲ್ಕು ವರ್ಷ.
ಕುಮ್ಸಾರಿನಲ್ಲಿ ಪಾದ್ರಿಗೆ ಹೇಳಿದ್ದೇನೆ,
ಮೂರು ಪ್ರಾರ್ಥನೆಯಲ್ಲಿ ಮುಗಿಯಿತು.
ಅವರಿಗೆ ಹೇಳಿಲ್ಲ.

ಈ ಆಗಸ್ಟು. ನಲವತ್ತೈದು.
ಪ್ರಿಂಟು ಇನ್ನೂ ಬೆಚ್ಚಗಿತ್ತು.
ವಾರಿಜಕ್ಕ ಸೆರಗಿನ ಗಂಟು ಬಿಚ್ಚಿ, ಬೇಡವೆಂದರೂ ದುಡ್ಡಿಟ್ಟರು.
ಆಮೇಲೆ ಕೌಂಟರಿನ ಮೇಲಿದ್ದ ವೈಟ್ನರ್ ಎತ್ತಿ,
ವಿಲ್ಫಿಯಿಂದ ಮುಚ್ಚಳ ತೆಗೆಸಿ,
ನಡುಗದ ಕೈಯಲ್ಲಿ
ಎಡಹುಬ್ಬಿನ ನಡುವೆ ಒಂದು ಚುಕ್ಕೆ.
ಊದಿ ಆರಿಸಿದರು.

"ಪ್ರತಿ ಸಲ ಮನೆಗೆ ಹೋಗಿ ವೀಳ್ಯದ ಸುಣ್ಣ ಹಚ್ಚುತ್ತಿದ್ದೆ," ಅಂದರು,
"ಒಣಗಿದ ಮೇಲೆ ಉದುರ್ತದೆ. ಇದು ನಿಲ್ತದಾ?"

ನಿಲ್ತದೆ ಅಂದವನು ವಿಲ್ಫಿ.
ನಾನು ಕೌಂಟರಿನ ಗಾಜು ಒರೆಸುತ್ತಿದ್ದೆ,
ಒರೆಸಿದ್ದನ್ನೇ.