ಕಟಪಾಡಿ ಸ್ಟಾಪ್

ಎಲ್ಲಿ ನೋವು, ಕೇಳಿದರು ವಿಲ್ಮಾ ಕ್ರಾಸ್ತಾ,
ಕಂಕನಾಡಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ.
ಇಪ್ಪತ್ತೆರಡು ವರ್ಷ ಎಕ್ಸ್‌ಪ್ರೆಸ್ಸಿನ ಕಂಡಕ್ಟರಾದವನಿಗೆ
ಮೈಯೂ ಒಂದು ರೂಟೇ:
ಕುತ್ತಿಗೆ ಸ್ಟೇಟ್‌ಬ್ಯಾಂಕ್ ಅಂತ ಇಟ್ಟುಕೊಳ್ಳಿ ಮೇಡಂ,
ಹೆಗಲ ಹಲಗೆ ಸುರತ್ಕಲ್,
ಪಕ್ಕೆಲುಬು ಮುಗಿಯುವಲ್ಲಿ ಹೆಜಮಾಡಿಯ ಟೋಲು,
ಕೂರುವ ಮೂಳೆ ಉಡುಪಿ.
ನೋವು ಹತ್ತುವುದು ಕಟಪಾಡಿಯಲ್ಲಿ.
ಇಳಿಯುವುದೇ ಇಲ್ಲ.

ಅವರು ನಗಲಿಲ್ಲ. ಬರೆದುಕೊಂಡರು.
ಉಡುಪಿಯಲ್ಲಿ ಎಡಕ್ಕೆ ತಿರುಗಿ
ಮಲ್ಪೆಯ ತನಕ ಹೋಗ್ತದಾ, ಕಾಲ್ಬೆರಳ ತನಕ?
ಇಲ್ಲ ಮೇಡಂ. ಹೆಚ್ಚೆಂದರೆ ಆದಿಉಡುಪಿ. ತೊಡೆಯ ಅರ್ಧ.

ಮೊದಲ ವಾರ ನಾನದನ್ನು ನೋವು ಎನ್ನಲಿಲ್ಲ,
ಕುಳೂರು ಸೇತುವೆಯಾಚೆಯ ಹೊಂಡ ಎಂದೆ.
ಎರಡನೆಯ ವಾರ ಸುಗಂಧಿ
ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿದಳು,
ತಲೆದಿಂಬಿಗೂ ವಾಸನೆ ಹಿಡಿಯಿತು.
ಆಮೇಲೆ ಪಾಂಗಾಳದ ಡೀಕಯ್ಯಣ್ಣ,
ಕಾಲು ಮುಂದಾಗಿ ಹುಟ್ಟಿದವರು,
ಅವರು ಒದ್ದರೆ ಉಳುಕು ಓಡಲೇಬೇಕು.
ಬೋರಲು ಮಲಗಿ ಮೂರು ಒದೆ ತಿಂದು
ಬೊಂಡ ಕುಡಿದು ಬಂದೆ.
ಉಳುಕು ಓಡಲಿಲ್ಲ.
ಡೀಕಯ್ಯಣ್ಣನ ಹೆಬ್ಬೆರಳು ಬಾತಿತಂತೆ.

ಅಬ್ಬಾಸಾಕ ಸ್ಟಿಯರಿಂಗಿನಿಂದ ಕಣ್ಣು ತೆಗೆಯದೆ ಹೇಳಿದರು:
ಗೇರು ಬೀಳದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸ್ತೇವೆ,
ಬೆನ್ನಿಗೆ ಮಾತ್ರ ಎಂತ ಮಾರಾಯ ನಾಚಿಕೆ?
ನಾಚಿಕೆಯಲ್ಲ, ಹೆದರಿಕೆ.
ಫೋನಿನಲ್ಲಿ ನೋಡಿದ್ದೆ,
ಮನುಷ್ಯರನ್ನು ಕಬ್ಬಿನ ಹಾಗೆ ಮುರಿಯುವುದು.

ಐದನೆಯ ವಾರ, ಪಡುಬಿದ್ರಿಯಲ್ಲಿ,
ಒಬ್ಬಳು ಅಜ್ಜಿಗೆ ಚಿಲ್ಲರೆ ಕೊಡುವಾಗ
ಎರಡು ರೂಪಾಯಿ ಜಾರಿ ಸೀಟಿನಡಿಗೆ ಬಿತ್ತು.
ಬಗ್ಗಿದೆ, ಅರ್ಧಕ್ಕೆ ಸಿಕ್ಕಿಕೊಂಡೆ.
ಇರಲಿ ಮಗಾ, ಎಂದು
ಅವಳೇ ಬಗ್ಗಿ ಹೆಕ್ಕಿಕೊಂಡಳು.
ಎಂಬತ್ತು ವರ್ಷದ ಬೆನ್ನು.
ಅಂದೇ ಈ ಮಹಡಿಯ ಮೆಟ್ಟಿಲು ಹತ್ತಿದ್ದು,
ಒಂದೊಂದಕ್ಕೂ ಗೋಡೆ ಹಿಡಿದು.

ಬಿದ್ದದ್ದುಂಟಾ? ರಾತ್ರಿ ಜ್ವರ?
ಕಾರಣವಿಲ್ಲದೆ ತೂಕ ಇಳಿದದ್ದು?
ಎರಡೂ ಕಾಲು ಸೋಲುವುದು?
ಕೂರುವ ಜಾಗಕ್ಕೆ ಜೋಮು? ಮೂತ್ರ ಕಟ್ಟುವುದು,
ಅಥವಾ ಗೊತ್ತಾಗದೆ ಹೋಗುವುದು?
ಒಂದಕ್ಕೆ ಹೌದು ಎಂದಿದ್ದರೂ
ನಿಮ್ಮ ಬೆನ್ನಿಗೆ ನಾನು ಬೆರಳಿಡುತ್ತಿರಲಿಲ್ಲ.
ಸೀದಾ ದೊಡ್ಡಾಸ್ಪತ್ರೆ, ನಡುರಾತ್ರಿಯಾದರೂ,
ಕೊನೆಯ ಬಸ್ಸು ಹೋಗಿದ್ದರೂ.

ಚೆಕ್ಕಿಂಗಿನವರೆದುರು ನಿಂತ ಹಾಗೆ ನಿಂತೆ.
ಇಲ್ಲ, ಇಲ್ಲ, ಇಲ್ಲ.
ಇಷ್ಟು ಇಲ್ಲಗಳ ಶ್ರೀಮಂತ
ಹಿಂದೆಂದೂ ಆಗಿರಲಿಲ್ಲ ನಾನು.

ಎಡ ಹೆಗಲು ಯಾಕೆ ಇಷ್ಟು ತಗ್ಗು?
ಬ್ಯಾಗು ಮೇಡಂ. ಚಿಲ್ಲರೆ.
ಈಗ ಎಲ್ಲರೂ ಫೋನು ತೋರಿಸುತ್ತಾರೆ,
ಬ್ಯಾಗು ಬಾಳೆಲೆಯಷ್ಟು ಹಗುರ.
ಹೆಗಲಿಗೆ ಯಾರೂ ಹೇಳಿಲ್ಲ.

ಒಂದು ಬದಿಗೆ ಮಲಗಿಸಿ, ಮೊಣಕಾಲು ಮಡಚಿಸಿ,
ಉಸಿರು ಬಿಡಿ ಎಂದರು. ಬಿಟ್ಟೆ.
ಟಕ್.
ಸಿಂಗಲ್ ಬೆಲ್ಲಿನಂತೆ ಒಂದೇ ಒಂದು,
ಒಳಗೆ ಏನೋ ನಿಂತಿತು.
ಮೂಳೆ ಕೂತಿತಾ ಮೇಡಂ?
ಮೂಳೆ ಎಲ್ಲಿಗೂ ಹೋಗಿರಲಿಲ್ಲ, ಅದು ಸಂದಿನ ಗಾಳಿ,
ಎಂದು ಕೈ ತೊಳೆಯಲು ಹೋದರು.
ನಲ್ಲಿಯ ಸದ್ದಿನ ನಡುವೆ:
ನಾಲ್ಕೈದು ಸಲಕ್ಕೂ ಕಡಿಮೆಯಾಗದಿದ್ದರೆ
ನನ್ನನ್ನೂ ಬಿಟ್ಟು ಬೇರೆ ಕಡೆ ತೋರಿಸಿ.
ಅಷ್ಟರವರೆಗೆ ದಿನಾ ನಡೆಯಿರಿ. ಮಲಗಿಯೇ ಇರಬೇಡಿ.

ಇವತ್ತು ಬೆಳಗಿನ ಟ್ರಿಪ್ಪು.
ಬ್ಯಾಗು ಬಲ ಹೆಗಲಿನಲ್ಲಿ, ಹೊಸ ನೆಂಟನ ಹಾಗೆ
ಮತ್ತೆ ಮತ್ತೆ ಜಾರುತ್ತದೆ.
ಕಟಪಾಡಿಯಲ್ಲಿ ಅದು ಹತ್ತಿತು,
ಪಾಸಿನವನ ಧೈರ್ಯದಲ್ಲಿ.
ಉದ್ಯಾವರದ ಸೇತುವೆ ಬರುವಾಗ
ಬಾಗಿಲ ಹತ್ತಿರ ಬಂದು, ಇಳಿಯಬೇಕು ಎಂದಿತು.
ಅಲ್ಲಿ ಎಕ್ಸ್‌ಪ್ರೆಸ್ಸಿಗೆ ಸ್ಟಾಪಿಲ್ಲ.
ಆದರೂ ಸೀಟಿ ಊದಿದೆ.